ನಮ್ಮೂರಿಗೆ ಬಾರದ ಕಾರ್ಖಾನೆ

ನಮ್ಮೂರಿನ ತಾರಸಿಗಳ ಮೇಲೆಲ್ಲ ಕಬ್ಬಿಣದ ಸರಳುಗಳು ನಿಂತಿರುತ್ತಿದ್ದವು. ಕೆಳಗಿನ ಅಂತಸ್ತು ಮುಗಿದ ಮೇಲೆ, ಮುಂದೆಂದಾದರೂ ಮೇಲಿನದನ್ನು ಕಟ್ಟೋಣವೆಂದು ಕಂಬಗಳಿಂದ ಹೊರಗೆ ಬಿಟ್ಟ ಸರಳುಗಳು. ತುಕ್ಕು ಹಿಡಿಯದಿರಲೆಂದು ಕೆಲವರು ಅವುಗಳ ತುದಿಗೆ ಹಳೆಯ ಸೀಸೆ ಕವುಚುತ್ತಿದ್ದರು, ಕೆಲವರು ಬಟ್ಟೆ ಸುತ್ತುತ್ತಿದ್ದರು. ಸರಳು ನಿಂತಿದ್ದರೆ ಆ ಮನೆಯ ಗಂಡಸು ಕಡಲಾಚೆ ದುಡಿಯುತ್ತಿದ್ದಾನೆ, ದುಡ್ಡು ಬರುತ್ತಿದೆ ಎಂದೇ ಊರವರ ತಿಳಿವಳಿಕೆ. ನಮ್ಮ ಮನೆಯ ಮೇಲೂ ಹದಿನಾರು ಇದ್ದವು. ಅವುಗಳಿಗೆ ಹಗ್ಗ ಕಟ್ಟಿ ನಾನು ಬಟ್ಟೆ ಒಣಗಿಸುತ್ತಿದ್ದೆ.

ಬಟ್ಟೆಯೆಂದರೆ ನನ್ನೊಬ್ಬಳದೇ. ನನ್ನ ಗಂಡ ದಾಮೋದರ ಕಡಲಾಚೆಯ ಒಂದು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಮಾಡುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಒಂದೂವರೆ ತಿಂಗಳ ರಜೆ. ಮದುವೆಯಾಗಿ ಏಳು ವರ್ಷವಾದಾಗ ಒಂದು ಮಧ್ಯಾಹ್ನ ಬೇಸರಕ್ಕೆ ಕೂಡಿಸಿ ನೋಡಿದೆ. ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಅರ್ಧ ವರ್ಷ. ಅದರಲ್ಲೂ ಬಹಳ ದಿನಗಳು ನೆಂಟರ ಮನೆಯ ಊಟಗಳಿಗೇ ಹೋಗಿದ್ದವು. ಅವರಿಗೆ ಚಹಾಕ್ಕೆ ಸಕ್ಕರೆ ಎಷ್ಟು ಬೇಕೆಂಬುದನ್ನು ಪ್ರತಿ ಸಲವೂ ಕೇಳಬೇಕಾಗುತ್ತಿತ್ತು, ಕೇಳಲು ನಾಚಿಕೆಯಾಗುತ್ತಿತ್ತು.

ಆ ವರ್ಷ ಅವರಿಂದ ಒಂದು ಪತ್ರ ಬಂತು. "ನಮ್ಮೂರಿಗೆ ಬಟ್ಟೆ ಹೊಲಿಯುವ ಕಾರ್ಖಾನೆ ಬರ್ತದಂತೆ, ಇಲ್ಲಿ ನಾವು ಕೆಲಸದವರು ಇರುವ ಕ್ಯಾಂಪಿನಲ್ಲೆಲ್ಲ ಅದೇ ಮಾತು. ಹೊರದೇಶದ ಕಂಪನಿ ದುಡ್ಡು ಹಾಕುದಂತೆ. ಇನ್ನೂರು ಯಂತ್ರ ಇದ್ದ ಮೇಲೆ ರಿಪೇರಿಗೆ ಜನ ಬೇಕೇ ಬೇಕು. ಕಾರ್ಖಾನೆ ಶುರುವಾದ ದಿನ ನಾನು ಹೊರಟು ಬರ್ತೇನೆ. ಸಂಬಳ ಅರ್ಧ ಆದ್ರೂ ಅಡ್ಡಿಯಿಲ್ಲ, ನನಗಿಲ್ಲಿ ಸಾಕಾಗಿದೆ" ಎಂದು ಬರೆದಿದ್ದರು. ಎಷ್ಟು ಸಲ ಓದಿದೆನೋ, ಆ ಕಾಗದ ಮಡಿಕೆಯಲ್ಲೇ ಹರಿದು ಎರಡಾಯಿತು. ನನಗೆ ಜೀವನದಲ್ಲಿ ಬೇಕಾಗಿದ್ದದ್ದು ಆಗ ಅದೊಂದೇ. ಆ ಕಾರ್ಖಾನೆ ಬರಬೇಕು, ಅದರ ಹಿಂದೆ ಅವರು ಬರಬೇಕು.

ಹೊರಗಿನಿಂದ ನೋಡಿದವರಿಗೆ ನಮ್ಮೂರಿಗೆ ಏನೂ ಕಡಿಮೆಯಿದ್ದಂತೆ ಕಾಣುತ್ತಿರಲಿಲ್ಲ. ಮೂರು ಸಿಮೆಂಟಿನ ಅಂಗಡಿ, ಐದು ಚಿನ್ನದ ಅಂಗಡಿ, ಕನ್ನಡಿಯ ಬಾಗಿಲಿನ ಬ್ಯಾಂಕು, ಸಾವಿರ ಜನ ಹಿಡಿಸುವ ಮದುವೆ ಹಾಲು, ಎಲ್ಲ ಇತ್ತು. ಆದರೆ ಕೂತು ದುಡಿಯಲು ಒಂದು ಜಾಗವಿರಲಿಲ್ಲ. ಗಂಡಸರು ಕಳಿಸಿದ ದುಡ್ಡು ಊರಲ್ಲಿ ವಾರವೊಪ್ಪತ್ತೂ ತಂಗುತ್ತಿರಲಿಲ್ಲ. ಸಿಮೆಂಟು ಎಲ್ಲಿಂದಲೋ ಬರುತ್ತಿತ್ತು, ಟೈಲ್ಸು ಎಲ್ಲಿಂದಲೋ, ಚಿನ್ನ ಎಲ್ಲಿಂದಲೋ. ದುಡ್ಡು ಆ ಕಡೆಗೇ ಹೊರಟುಹೋಗುತ್ತಿತ್ತು, ಮೀಸೆ ಬಂದ ಗಂಡುಮಕ್ಕಳು ಪಾಸ್‌ಪೋರ್ಟು ಮಾಡಿಸಿ ಅಪ್ಪಂದಿರ ಹಿಂದೆ ಹೊರಡುತ್ತಿದ್ದರು. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ. ಆಗ ನಾನೂ ಎಲ್ಲರಂತೆ ಟೈಲ್ಸಿನ ಬಣ್ಣ ಆರಿಸುವುದರಲ್ಲೇ ಮುಳುಗಿದ್ದೆ.

ಕಂಪನಿಯ ಕಡೆಯಿಂದ ಸಾಂಬಮೂರ್ತಿ ಎಂಬ ಅಧಿಕಾರಿ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ಘಟ್ಟದ ಮೇಲಿನವರು, ಮೃದು ಮಾತಿನವರು. ಅವರಿಗೆ ಆರಿಸಿದ ತೊಂಬತ್ತು ಮನೆಗಳನ್ನು ಸುತ್ತಿ ಹದಿನಾಲ್ಕು ಪ್ರಶ್ನೆಗಳ ಒಂದು ಕಾಗದ ತುಂಬಿಸುವ ಹೆಂಗಸು ಬೇಕಿತ್ತು. ಹತ್ತನೆಯ ತರಗತಿ ಪಾಸಾದವಳು, ಅಕ್ಷರ ಉರುಟು, ಮುತ್ತು ಪೋಣಿಸಿದ ಹಾಗೆ ಎಂದು ಊರವರು ನನ್ನ ಹೆಸರು ಹೇಳಿದರು. ಸಂಬಳ ಕೊಡುತ್ತೇವೆಂದರೂ ನಾನು ಬೇಡವೆಂದೆ. ಗಂಡ ಕಡಲಾಚೆ ಇರುವ ಹೆಂಗಸು ಕೂಲಿ ಮುಟ್ಟಿದರೆ ಅಲ್ಲಿಂದ ದುಡ್ಡು ಬರುವುದು ನಿಂತಿದೆ ಎಂದು ಅರ್ಥವಾಗುತ್ತಿತ್ತು.

ಆ ಸಂಜೆ ಮದುವೆ ಹಾಲಿನಲ್ಲಿ ಸಭೆ ಸೇರಿತು. ಪುರಸಭೆಯ ಅಧ್ಯಕ್ಷರಾದ ಗಣಪತಿ ಪ್ರಭುಗಳು ಎದ್ದು ನಿಂತರು. ಮೂರು ಸಿಮೆಂಟು ಅಂಗಡಿಗಳಲ್ಲಿ ಎರಡು ಅವರವೇ.

"ನೋಡಿ, ಹೆಣ್ಣು ನೋಡ್ಲಿಕ್ಕೆ ಬರುವಾಗ ನಾವು ಎಂತ ಮಾಡ್ತೇವೆ?" ಎಂದು ಶುರುಮಾಡಿದರು. "ಪಕ್ಕದ ಮನೆಯಿಂದಾದ್ರೂ ತಂದು ನಾಲ್ಕು ಬಳೆ ಹಾಕ್ತೇವೆ. ನಮ್ಮಲ್ಲಿ ಕಷ್ಟ ಉಂಟು, ತಾಪತ್ರಯ ಉಂಟು ಅಂತ ಬಂದವರ ಮುಂದೆ ಯಾರಾದ್ರೂ ಅಳ್ತಾರಾ? ಇದೂ ಹಾಗೇ. ಹೊರದೇಶದವ್ರು ದುಡ್ಡು ಹಾಕುದು ಗಟ್ಟಿ ಊರಿಗೆ. ಹರಕು ಊರಿಗೆ ಯಾರು ಬರ್ತಾರೆ ಮಾರಾಯ್ರೆ?"

ಎಲ್ಲರೂ ನಕ್ಕರು, ತಲೆಯಾಡಿಸಿದರು. ನಾನೂ ಆಡಿಸಿದೆ. ಹೆಣ್ಣು ನೋಡುವ ದಿನ ಎರವಲು ತರುವುದು ನಮ್ಮಲ್ಲಿ ಮೋಸವೆಂದು ಯಾರೂ ಎಣಿಸುತ್ತಿರಲಿಲ್ಲ, ಅದು ನೆರೆಹೊರೆಯ ಧರ್ಮ. ನನ್ನನ್ನು ನೋಡಲು ಬಂದಾಗ ನಾನು ಉಟ್ಟದ್ದು ಎದುರು ಮನೆಯವರ ಸೀರೆ, ಅವರು ಕೂತದ್ದು ಪಕ್ಕದ ಮನೆಯ ಕುರ್ಚಿ. ಆ ಸಂಬಂಧ ಕುದುರಿತಲ್ಲ, ಕಾರ್ಖಾನೆಯೂ ಕುದುರುತ್ತದೆ ಎಂದುಕೊಂಡೆ.

ಮರುದಿನದಿಂದ ಸುತ್ತಲು ಹೊರಟೆ. ಕಾಗದದ ಒಂಬತ್ತನೆಯ ಪ್ರಶ್ನೆ, ಕಡಲಾಚೆಯಿಂದ ತಿಂಗಳಿಗೆ ಎಷ್ಟು ಬರುತ್ತದೆ ಎಂಬುದು. ಹದಿನಾಲ್ಕನೆಯದು, ಕಾರ್ಖಾನೆ ಬಂದರೆ ಈ ಮನೆಯ ಹೆಂಗಸರು ಕೆಲಸಕ್ಕೆ ಬರುತ್ತಾರೆಯೇ ಎಂಬುದು.

ಜಲಜಕ್ಕನ ಮನೆಗೆ ಹೋದಾಗ ಅವಳು ಕಾಲಿನಿಂದಲೇ ಬೀಡಿ ಎಲೆಯ ಮೊರವನ್ನು ಮಂಚದ ಕೆಳಗೆ ತಳ್ಳಿದಳು. ಬೆರಳ ತುದಿಯಲ್ಲಿ ತಂಬಾಕಿನ ಹುಡಿ ಹಾಗೇ ಇತ್ತು. ಅವಳ ಗಂಡ ಕಳಿಸುವುದು ಮೂರು ತಿಂಗಳಿಗೊಮ್ಮೆ, ಅದೂ ಅಷ್ಟಕ್ಕಷ್ಟೇ ಎಂದು ನನಗೆ ಗೊತ್ತಿತ್ತು.

"ಎಷ್ಟು ಬರೀಲಿ ಜಲಜಕ್ಕ?"

"ನೀನು ಎಷ್ಟು ಬರ್ದಿದ್ದಿ ನಿನ್ನದು?"

ಹೇಳಿದೆ. ನಾನು ಬರೆದದ್ದೂ ನಿಜಕ್ಕಿಂತ ಎರಡು ಪಾಲು ಹೆಚ್ಚೇ.

"ಹಾಗಾದ್ರೆ ನನ್ನದು ಅದಕ್ಕಿಂತ ಸ್ವಲ್ಪ ಮೇಲೆ ಹಾಕು. ನಮ್ಮವ್ರು ನಿಮ್ಮವ್ರಿಗಿಂತ ಮೊದ್ಲು ಹೋದವ್ರಲ್ವಾ?"

"ಕೆಲಸಕ್ಕೆ ಬರ್ತೀಯಾ ಅಂತ ಕೇಳ್ತಾರೆ."

"ನಾನಾ? ನಂಗೆಂತ ಬಂದಿದೆ ದರಿದ್ರ?" ಎಂದು ಜಲಜಕ್ಕ ಸೆರಗು ಝಾಡಿಸಿದಳು. 'ಅಗತ್ಯವಿಲ್ಲ' ಎಂದು ಬರೆದೆ.

ಹೀಗೆಯೇ ಮನೆಯಿಂದ ಮನೆಗೆ ಊರು ಶ್ರೀಮಂತವಾಗುತ್ತ ಹೋಯಿತು. ಒಂದು ಮನೆಯಲ್ಲಂತೂ ಅಂಗಳದಲ್ಲಿ ಸಿಮೆಂಟು ಚೀಲಗಳನ್ನು ಸಾಲಾಗಿ ಪೇರಿಸಿಟ್ಟಿದ್ದರು. ಎರಡು ಮಳೆಗಾಲ ಕಂಡು ಒಳಗೇ ಕಲ್ಲಾದ ಚೀಲಗಳು ಅವು.

ಊರ ಕೊನೆಯಲ್ಲಿ ಮೈಮೂನಾಳ ಮನೆ. ಅವಳಿಗೆ ನನಗಿಂತ ಚಿಕ್ಕ ಪ್ರಾಯ, ಇಬ್ಬರು ಹೆಣ್ಣುಮಕ್ಕಳು. ಅವಳ ತಾರಸಿಯ ಸರಳುಗಳಿಗೆ ಸೀಸೆಯೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ತುಕ್ಕಿನ ನೀರು ಇಳಿದು ಗೋಡೆಯೆಲ್ಲ ಕೆಂಪಾಗಿತ್ತು. ನಾನು ಪ್ರಶ್ನೆ ಕೇಳುವುದಕ್ಕೂ ಅವಳು ಬಿಡಲಿಲ್ಲ.

"ಬರ್ಕೊಳ್ಳಿ ಅಕ್ಕ. ಎಂಟು ತಿಂಗಳಾಯ್ತು, ಒಂದು ಪೈಸೆ ಇಲ್ಲ, ಒಂದು ಪತ್ರ ಇಲ್ಲ. ಬದುಕಿದ್ದಾರಾ ಅದೂ ಗೊತ್ತಿಲ್ಲ. ಕೆಲಸ ಕೊಟ್ರೆ ನಾಳೆಯಿಂದ್ಲೇ ಬರ್ತೇನೆ, ಎಷ್ಟು ಕೊಡ್ತಾರೆ ಅಷ್ಟಕ್ಕೆ."

"ಜನ ಎಂತ ಹೇಳ್ತಾರೆ ಮೈಮೂನಾ?"

"ಜನ ಅಕ್ಕಿ ತಂದು ಹಾಕ್ತಾರಾ? ನೀವು ಬರೀರಿ. ನಾನು ಹೇಳಿದ ಹಾಗೇ ಬರೀರಿ."

ಪೆನ್ನಿನಲ್ಲಿ ಮಸಿ ಮುಗಿದಿದೆ, ಮನೆಗೆ ಹೋಗಿ ಬರೆಯುತ್ತೇನೆ ಎಂದೆ. ಅವಳು ಗೇಟಿನವರೆಗೆ ಬಂದು ನನ್ನ ಕೈ ಹಿಡಿದು ಒತ್ತಿದಳು. ತೊಂಬತ್ತು ಮನೆಗಳ ಕಾಗದಗಳನ್ನು ಒಂದು ಹಸಿರು ದಾರದಲ್ಲಿ ಕಟ್ಟಿ ಸಾಂಬಮೂರ್ತಿಯವರಿಗೆ ಒಪ್ಪಿಸಿದೆ. ಅವತ್ತೇ ಗಂಡನಿಗೆ ಪತ್ರ ಬರೆದು, ಹೊರಡುವ ತಯಾರಿ ಮಾಡಿಕೊಳ್ಳಿ ಎಂದೂ ಸೇರಿಸಿದೆ.

ಹದಿನೈದು ದಿನದ ಮೇಲೆ ಸಾಂಬಮೂರ್ತಿಯವರು ಕರೆಕಳಿಸಿದರು. ಬಂಗಲೆಯ ಜಗಲಿಯಲ್ಲಿ ಅವರ ಪೆಟ್ಟಿಗೆ ಕಟ್ಟಿ ಇಟ್ಟಿತ್ತು.

"ತುಂಬಾ ಒಳ್ಳೇ ಊರು ನಿಮ್ದು. ಆದ್ರೆ ನಮಗೆ ಆಗಲ್ಲಮ್ಮ," ಎಂದರು.

"ಯಾಕೆ ಸರ್? ಇಲ್ಲಿ ಎಂತ ಕಡಿಮೆ ಉಂಟು?"

"ಏನೂ ಕಡಿಮೆ ಇಲ್ಲ, ಅದೇ ತೊಂದ್ರೆ. ತಿಂಗಳಾದ್ರೆ ಇಷ್ಟಿಷ್ಟು ದುಡ್ಡು ಮನೆ ಬಾಗಿಲಿಗೆ ಬರೋರು ನಾವು ಕೊಡೋ ಸಂಬಳಕ್ಕೆ ಎಂಟು ಗಂಟೆ ಬಗ್ಗಿ ಹೊಲೀತಾರಾ? ದುಡ್ಡು ಹಾಕೋರು ನೋಡೋದು ಊರಲ್ಲಿ ದುಡ್ಡು ಇದೆಯಾ ಅಂತಲ್ಲ, ದುಡಿಯೋ ಕೈ ಇದೆಯಾ ಅಂತ." ಹಸಿರು ದಾರದ ಕಟ್ಟನ್ನು ಕೈಗೆತ್ತಿಕೊಂಡರು. "ನನಗೇನೋ ನಿಮ್ಮೂರೇ ಇಷ್ಟ ಆಗಿತ್ತು. ಮೇಲಿನವರ ಹತ್ರ ವಾದ ಮಾಡೋಕೆ ಒಂದೇ ಒಂದು ಹೆಸರು ಹುಡುಕಿದೆ. ಒಬ್ರು ಶುರು ಮಾಡಿದ್ರೆ ಉಳಿದವರು ಹಿಂದೆ ಬರ್ತಾರೆ ಅಂತ ಹೇಳ್ತಿದ್ದೆ. ತೊಂಬತ್ತು ಕಾಗದದಲ್ಲಿ ಒಬ್ರೂ ಬರ್ತೀನಿ ಅಂದಿಲ್ವಲ್ಲಮ್ಮ."

ಒಬ್ಬಳು ಅಂದಿದ್ದಳು. ನಾನು ಬರೆದಿರಲಿಲ್ಲ. ಆ ದಿನ ಮನೆಗೆ ಬಂದು ಮೈಮೂನಾಳ ಕಾಗದದಲ್ಲೂ ಎಲ್ಲರ ಹಾಗೆಯೇ ಒಂದು ಒಳ್ಳೆಯ ಮೊತ್ತ ಹಾಕಿ, ಕೆಳಗೆ 'ಅಗತ್ಯವಿಲ್ಲ' ಎಂದು ಉರುಟು ಅಕ್ಷರದಲ್ಲಿ ಬರೆದಿದ್ದೆ. ಅವಳ ಮಾನ ಉಳಿಸಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡದ್ದು. ಅದು ಶುದ್ಧ ಸುಳ್ಳು. ಆ ಒಂದು ಕಾಗದದಿಂದ ಊರು ಹರಕಾಗಿ ಕಂಡು, ಕಾರ್ಖಾನೆ ತಪ್ಪಿ, ನನ್ನ ಗಂಡ ಬಾರದೆ ಹೋದರೆ ಎಂಬ ಹೆದರಿಕೆಗೆ ಬರೆದದ್ದು.

ಆಗಲಾದರೂ ಬಾಯಿ ಬಿಡಬಹುದಿತ್ತು. ಸರ್, ಎಲ್ಲ ಸುಳ್ಳು, ಜಲಜಕ್ಕನ ಮಂಚದ ಕೆಳಗೆ ನೋಡಿ ಬನ್ನಿ ಎನ್ನಬಹುದಿತ್ತು. ಆದರೆ ಹಾಗೆಂದರೆ ತೊಂಬತ್ತು ಮನೆಯ ಮಾನ ಹೋಗುತ್ತಿತ್ತು. ನಮಸ್ಕಾರ ಮಾಡಿ ಬಂದುಬಿಟ್ಟೆ.

ಕಾರ್ಖಾನೆ ಇನ್ನೊಂದು ಊರಿಗೆ ಹೋಯಿತು, ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಂದ ಯಾರೂ ಕಡಲು ದಾಟಿರಲಿಲ್ಲ. ಮೊದಲ ದಿನವೇ ಮುನ್ನೂರು ಹೆಂಗಸರು ಸಾಲು ನಿಂತರಂತೆ. ಸಣ್ಣ ಊರಿನಲ್ಲಿ ಹೋಟೆಲು, ದರ್ಜಿ ಅಂಗಡಿ, ಗುಂಡಿಯ ಅಂಗಡಿ ಎಲ್ಲ ಎದ್ದವಂತೆ. ನಮ್ಮವರು ಒಂದೇ ಸಾಲು ಬರೆದರು. "ಆಯ್ತು, ನಮ್ಮೂರಲ್ಲಿ ಇಲ್ಲದ ಮೇಲೆ ಅರ್ಧ ಸಂಬಳಕ್ಕೆ ಅಷ್ಟು ದೂರ ಯಾಕೆ, ಇನ್ನೊಂದು ಕಾಂಟ್ರಾಕ್ಟಿಗೆ ಸಹಿ ಹಾಕಿದೆ." ಅವರಿಗೆ ನನ್ನ ಕಾಗದಗಳ ಕತೆಯನ್ನು ನಾನು ತಿಳಿಸಲಿಲ್ಲ. ಆ ವರ್ಷಗಳಲ್ಲಿ ನಾನು ಮನೆಯಲ್ಲಿ ಒಬ್ಬಳೇ ಗಟ್ಟಿಯಾಗಿ ಮಾತಾಡುವುದನ್ನು ಕಲಿತೆ. ಮೊದಮೊದಲು ಹೆದರಿಕೆಯಾಯಿತು, ಆಮೇಲೆ ಅಭ್ಯಾಸವಾಯಿತು.

ಅವರು ಕಾಯಂ ಆಗಿ ಮರಳಿದ್ದು ಆರು ವರ್ಷದ ಮೇಲೆ, ಹೇಳದೆ ಕೇಳದೆ, ಒಂದೇ ಪೆಟ್ಟಿಗೆಯೊಡನೆ. ಅಲ್ಲಿಯ ಕಾರ್ಖಾನೆ ಮುಚ್ಚಿತ್ತು. ಕೈ ಸಣ್ಣಗೆ ನಡುಗುತ್ತಿತ್ತು, ಯಂತ್ರದ ತಿರುಪುಮೊಳೆ ಹಿಡಿಯಲು ಆಗುತ್ತಿರಲಿಲ್ಲ. ಊರಲ್ಲಿ ಅವರಿಗೆ ಆಗುವ ಕೆಲಸವೂ ಇರಲಿಲ್ಲ. ಮೊದಲು ಚಿನ್ನ ಹೋಯಿತು. ಆಮೇಲೆ ತಾರಸಿಯ ಹದಿನಾರು ಸರಳುಗಳನ್ನೂ ಕೊಯ್ಯಿಸಿ ಗುಜರಿಗೆ ಹಾಕಿದೆವು. ಅಂಥ ಕಾಲದಲ್ಲೂ ನಾನು ಸುಖವಾಗಿದ್ದೆ ಎಂದರೆ ಯಾರೂ ನಂಬಲಾರರು. ಅವರ ಚಹಾಕ್ಕೆ ಒಂದೂವರೆ ಚಮಚ ಸಕ್ಕರೆ ಎಂದು ಗೊತ್ತಾಗಿ ಅದು ನೆನಪಲ್ಲೂ ನಿಂತಿತ್ತು.

ಒಂದು ಬೆಳಗ್ಗೆ ನಾನೇ ಹೇಳಿದೆ, ಆ ಊರಿನ ಕಾರ್ಖಾನೆಗೆ ಹೋಗುತ್ತೇನೆ ಎಂದು. ದಿನಾ ಹೋಗಿ ಬರುವ ದೂರವಲ್ಲ, ಬಾಡಿಗೆ ಮನೆ ಹಿಡಿಯುವಷ್ಟು ಸಂಬಳವೂ ಅಲ್ಲ, ಅಲ್ಲಿಯೇ ಹೆಂಗಸರ ಹಾಸ್ಟೆಲಿನಲ್ಲಿ ಇರಬೇಕು.

"ನಾನು ಬಂದದ್ದು ನಿನ್ನೊಟ್ಟಿಗೆ ಇರ್ಲಿಕ್ಕೆ," ಎಂದರು ಅವರು.

"ನಂಗೊತ್ತುಂಟು. ಇಬ್ರೂ ಮುಖ ನೋಡಿಕೊಂಡು ಕೂತ್ರೆ ಒಲೆ ಉರಿಯುದಿಲ್ಲ."

ಅಲ್ಲಿ ನನ್ನ ಸಾಲಿನ ಮೇಲ್ವಿಚಾರಕಿ ಮೈಮೂನಾ. ಕಾರ್ಖಾನೆ ಶುರುವಾದ ಮೊದಲ ತಿಂಗಳಲ್ಲೇ ಅವಳು ಊರು ಬಿಟ್ಟು ಬಂದು ಸೇರಿದ್ದಳು. ನನಗೆ ಕಿಟಕಿಯ ಪಕ್ಕದ ಯಂತ್ರ ಕೊಡಿಸಿದಳು, ತನ್ನ ಕೋಣೆಯಲ್ಲೇ ಇಟ್ಟುಕೊಂಡಳು. ಆ ಒಳ್ಳೆಯತನ ನನ್ನನ್ನು ತಿನ್ನತೊಡಗಿತು. ಒಂದು ಭಾನುವಾರ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಹೇಳಿಬಿಟ್ಟೆ.

"ಮೈಮೂನಾ, ಅವತ್ತು ನೀನು ಹೇಳಿದ್ದನ್ನು ನಾನು ಬರೀಲಿಲ್ಲ."

"ಗೊತ್ತುಂಟು," ಎಂದಳು. "ನಾನಿಲ್ಲಿಗೆ ಬಂದಾಗ ಸಾಂಬಮೂರ್ತಿ ಸರ್ ಆ ಕಾಗದ ತೆಗ್ದು ತೋರಿಸಿದ್ರು. ನಿಮಗೆ ಇಷ್ಟೆಲ್ಲ ಬರ್ತದಲ್ಲ, ಇಲ್ಲಿ ಯಾಕೆ ಬಂದ್ರಿ ಅಂತ ಕೇಳಿದ್ರು." ಬಾಚಣಿಗೆಗೆ ಸಿಕ್ಕಿದ್ದ ಕೂದಲನ್ನು ನಿಧಾನ ಬಿಡಿಸಿದಳು. "ನನ್ನ ಮಕ್ಕಳು ಅಜ್ಜಿ ಮನೆಯಲ್ಲಿ ದೊಡ್ಡ ಆದ್ರು ಅಕ್ಕ."

ಅದಕ್ಕಿಂತ ಹೆಚ್ಚು ಅವಳು ಯಾವತ್ತೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ತಿಂಗಳ ಮೊದಲ ಭಾನುವಾರ ಹಾಸ್ಟೆಲಿನ ಗೇಟಿನೊಳಗೆ ಮನೆಯವರನ್ನು ಒಂದು ಗಂಟೆ ಬಿಡುತ್ತಿದ್ದರು. ಗೋಡೆಯ ಪಕ್ಕದ ಉದ್ದ ಬೆಂಚಿನ ಮೇಲೆ ಗಂಡಂದಿರು ಸಾಲಾಗಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದರು. ನಮ್ಮವರು ತಾವೇ ಮಾಡಿದ ಮೀನಿನ ಸಾರು ತರುತ್ತಿದ್ದರು, ಕ್ಯಾಂಪಿನಲ್ಲಿ ಕಲಿತದ್ದು.

"ಉಪ್ಪು ಸರಿ ಉಂಟಾ?" ಎಂದು ಕೇಳುತ್ತಿದ್ದರು.

"ಸರಿ ಉಂಟು. ಮನೆಗೆ ಕಳಿಸಿದ ದುಡ್ಡು ಸಿಕ್ಕಿತಾ?"

"ಸಿಕ್ಕಿತು. ನೀನು ಸರಿ ಊಟ ಮಾಡ್ತೀಯಲ್ಲ?"

ಆಮೇಲೆ ಮಾತು ಮುಗಿಯುತ್ತಿತ್ತು. ಜೊತೆಗಿದ್ದು ಮಾತಾಡಿ ನಮಗೆ ಅಭ್ಯಾಸವೇ ಇರಲಿಲ್ಲ. ಒಂದು ಭಾನುವಾರ ಗಂಟೆ ಹೊಡೆದ ಮೇಲೆ ಅವರನ್ನು ಕಳಿಸಿ ನಾನು ಮೇಲಿನ ಕೋಣೆಗೆ ಬಂದೆ. ಕಿಟಕಿಯಿಂದ ರಸ್ತೆಯಾಚೆಯ ಬಸ್ ನಿಲ್ದಾಣ ಕಾಣುತ್ತಿತ್ತು. ಅವರು ಖಾಲಿ ಡಬ್ಬಿ ಹಿಡಿದು ಅಲ್ಲಿ ಕೂತಿದ್ದರು. ಬಸ್ಸು ಬಂತು, ನಿಂತಿತು, ಹೋಯಿತು. ಅವರು ಹತ್ತಲಿಲ್ಲ. ಹಾಸ್ಟೆಲಿನ ಇಷ್ಟೊಂದು ಕಿಟಕಿಗಳಲ್ಲಿ ನನ್ನದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ, ಒಂದೊಂದನ್ನೇ ನೋಡುತ್ತಿದ್ದರು. ಮುಂದಿನ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅಷ್ಟು ಹೊತ್ತೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ.