ಗಾಳಿಗೆ ಬಿಟ್ಟ ಕೂಸು

ಉಣಕಲ್ಲಿನ ಚನ್ನಯ್ಯ ಮೊಮ್ಮಗಳು ಮುಕ್ತಾಳ ಲಂಗೋಟಿ ಬಿಚ್ಚಿದಾಗಲೆಲ್ಲ ಅವಳು ಚೀರುತ್ತಿದ್ದಳು. ಅವಳು ಚೀರಿದಾಗಲೆಲ್ಲ ಓಣಿಗೆ ಒಂದೇ ಮಾತು: ಗಂಡಸಿನ ಕೈಯಲ್ಲಿ ಕೂಸು ಬೆಳೆದೀತೇ?

ಕೂಸನ್ನು ನೋಡಿಕೊಳ್ಳುವ ಮಾತು ಕೊಟ್ಟವಳು ಅವನ ಹೆಂಡತಿ ಶಿವಬಸವ್ವ. ಸೊಸೆ ಐಶ್ವರ್ಯಾ ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಗಣಿತ ಹೇಳುವವಳು. "ನೀ ಸಾಲಿಗೆ ಹೋಗವಾ, ಕೂಸು ನಂದು," ಎಂದಿದ್ದಳು ಅತ್ತೆ. ಕೂಸಿಗೆ ಹಲ್ಲು ಮೂಡುವ ಮೊದಲೇ ಶಿವ ಅತ್ತೆಯನ್ನು ಕರೆದುಕೊಂಡ. ಹೆಂಡತಿಯ ಕ್ರಿಯಾಸಮಾಧಿ ಮುಗಿಸಿ ಮನೆಗೆ ಬಂದ ಚನ್ನಯ್ಯ ಸೊಸೆಯನ್ನು ಕರೆದು, "ನಿಮ್ಮತ್ತಿ ಮಾತು ನಂದೂ ಹೌದು. ರಜಾ ಮುಗದ ಕೂಡ್ಲೆ ನೀ ಹೋಗು," ಎಂದ. ಮಗ ಬಸವಕಿರಣ ಅಮರಗೋಳದ ಮಾರುಕಟ್ಟೆಯ ಅಡತಿ ಅಂಗಡಿಗೆ ಹೊರಟು ನಿಂತಿದ್ದವನು ಬೈಕಿನ ಕೀಲಿ ತೆಗೆದುಕೊಂಡು ನಡೆದ.

ಚನ್ನಯ್ಯ ಜಂಗಮ. ಹುಟ್ಟಿದ ಮನೆಗೂ ಸತ್ತ ಮನೆಗೂ ಹೋಗಿ ಪೂಜೆ ಮಾಡಿಸಿ ಬಂದವನು. ಪೂಜೆಯ ಬಟ್ಟಲು ಬೆಳಗುವವನು ಕೂಸನ್ನೂ ಹಾಗೆಯೇ ಬೆಳಗಿದ. ಪ್ರತಿ ಸಲವೂ ಸಾಬೂನು, ಮೇಲೆ ಕಡಲೆಹಿಟ್ಟು, ದೊರಗು ಪಂಚೆಯಿಂದ ಗಸಗಸ ಒರೆಸಿ ಬೊಗಸೆ ಪೌಡರು. ನೆಂಟರು ಬಂದಾಗ ಪೂಜೆಯ ಕೋಣೆ ಹಸಿಯಾಗಬಾರದೆಂದು ಡೈಪರು. ಕುಂಡಿ ಮೊದಲು ಕೆಂಪಾಯಿತು, ಆಮೇಲೆ ಬೆಂದಂತಾಯಿತು, ತೊಡೆಯ ಸಂದಿಯಲ್ಲಿ ಚರ್ಮ ಕಿತ್ತುಬಂತು.

ಗುರುವಾರ ಮುಂಜಾನೆ ಐಶ್ವರ್ಯಾ ಕೂಸನ್ನು ಎದೆಗೆ ಹಿಡಿದು ನಿಂತಳು. "ಮಾವಾರ, ನಿಮ್ಮ ತಪ್ಪಂತ ಅಲ್ಲರಿ. ಆದ್ರ ನನಗ ಇದನ್ನ ನೋಡಾಕ ಆಗವಲ್ದು. ಸೋಮವಾರದಿಂದ ಕೆಲಸಾ ಬಿಟ್ಟಬಿಡ್ತೇನಿ."

"ಸೋಮವಾರದ ಮಾತು ಸೋಮವಾರ ಆಡು," ಎಂದ ಚನ್ನಯ್ಯ. ಅಂದೇ ಕೂಸನ್ನು ಹೆಗಲಿಗೆ ಹಾಕಿಕೊಂಡು ಊರವರು 'ಬಾಯಾರು' ಎನ್ನುವ ಮಕ್ಕಳ ಡಾಕ್ಟರಮ್ಮನ ಕಡೆ ನಡೆದ.

ಬಾಯಾರು ಕೂಸನ್ನು ತಿರುವಿ ನೋಡಿದರು. "ಹೆಂಗ ತೊಳೀತೀರಿ ಅಜ್ಜಾರ?"

ಅವನು ಹೆಮ್ಮೆಯಿಂದಲೇ ಹೇಳಿದ.

"ಕೂಸು ತೊಳೀತೀರೋ, ತಾಮ್ರದ ಕೊಡಾ ತಿಕ್ಕತೀರೋ? ಸಾಬೂನು, ಹಿಟ್ಟು, ಪೌಡರ್ ಎಲ್ಲಾ ಬಂದ್ ಮಾಡ್ರಿ. ಉಗುರುಬೆಚ್ಚಗಿನ ನೀರು, ಮೆತ್ತನ್ನ ಅರಿವಿ. ತಿಕ್ಕಬ್ಯಾಡ್ರಿ, ಒತ್ತಿ ಒತ್ತಿ ಒಣಗಸ್ರಿ. ಈ ಜಿಂಕ್ ಮುಲಾಮು ದಪ್ಪಗೆ ಹಚ್ಚರಿ. ಹಸಿ ಆದ ಕೂಡ್ಲೆ ಅರಿವಿ ಬದಲಸ್ರಿ. ಆದಷ್ಟು ಹೊತ್ತು ಏನೂ ಕಟ್ಟದ ಗಾಳಿಗೆ ಬಿಡ್ರಿ. ಸುತ್ತಲೂ ಸಣ್ಣ ಕೆಂಪು ಗುಳ್ಳಿ ಹಬ್ಬಿದ್ರ, ಜ್ವರ ಬಂದ್ರ, ತಡಾ ಮಾಡದ ನನ್ನ ಕಡೆ ಕರಕೊಂಡ ಬರ್ರಿ."

"ಮನ್ಯಾಗ ಪೂಜಾ ಇರತಾವರಿ. ಬರಿಮೈಲೆ ಬಿಟ್ರ..."

"ಪೂಜಾದ್ದು ನಿಮಗ ಗೊತ್ತು. ಕುಂಡೀದು ನಾ ಹೇಳೇನಿ."

ದಾರಿಯುದ್ದಕ್ಕೂ ಚನ್ನಯ್ಯ ತನ್ನ ಕೈ ನೋಡಿಕೊಂಡ. ಕೂಸು ಬೆಂದದ್ದು ಕೊಳೆಯಿಂದಲ್ಲ, ತನ್ನ ಮಡಿಯಿಂದ. ಮನೆಗೆ ಬಂದವನೇ ಶಿವಬಸವ್ವನ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು ಚರ್ರನೆ ಹರಿದ. ಚೌಕ ಚೌಕ ತುಂಡು ಮಾಡಿ ಕೂಸಿನ ಹಾಸಿಗೆಯ ಪಕ್ಕಕ್ಕೆ ಒಟ್ಟಿದ.

ಸುದ್ದಿ ಹೆಬ್ಬಳ್ಳಿಗೆ ಮುಟ್ಟಿ ಅವನ ಅಕ್ಕ ಶಿವಗಂಗವ್ವ ಶನಿವಾರ ಬಂದಳು. ಪಡಸಾಲೆಯಲ್ಲಿ ಮುಕ್ತಾ ಉಡಿದಾರವೊಂದೇ ತೊಟ್ಟು ಅಂಬೆಗಾಲಿಡುತ್ತಿದ್ದಳು.

"ಹೆಣ್ಣುಕೂಸನ್ನ ಹಿಂಗ ಬಿಟ್ಟೀಯಲ್ಲೋ. ಮಂದಿ ಏನಂದಾರು?"

"ಮಂದಿ ಕುಂಡಿ ಬೆಂದಿಲ್ಲಕ್ಕಾ. ಅದಕ್ಕ ಅಂತಾರ."

ಅಕ್ಕ ಸೆರಗಿನ ಗಂಟು ಬಿಚ್ಚಿ ಮಠದ ವಿಭೂತಿ ಪುಡಿ ತೆಗೆದಳು. "ಇದನ್ನ ಉದುರಸು. ರಸಿ ಹೀರಿ ಲಗೂ ಒಣಗತೈತಿ. ನಮ್ಮ ಹುಡುಗರಿಗೆಲ್ಲಾ ಇದನ್ನಽ ಹಾಕೇನಿ."

ಚನ್ನಯ್ಯ ಎರಡೂ ಕೈಯಿಂದ ವಿಭೂತಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡ. ತನ್ನ ಹಣೆಗೆ ಧರಿಸಿ ಕೂಸಿನ ಹಣೆಗೂ ಹಚ್ಚಿದ. "ವಿಭೂತಿ ಇಲ್ಲಿಗೆ. ಅಲ್ಲಿಗೆ ಮುಲಾಮು."

"ಶಿವನ ಮ್ಯಾಲೆ ನಂಬಿಗಿ ಹೋತೇನು ನಿನಗ?"

"ನಂಬಿಗಿ ಐತಿ, ಅದಕ್ಕಽ ಅದನ್ನ ಹಣಿಮ್ಯಾಲೆ ಇಟ್ಟೇನಿ."

ಶಿವಗಂಗವ್ವ ಸೊಸೆಯ ಕಡೆ ತಿರುಗಿದಳು. "ನೀ ಮನ್ಯಾಗ ಇದ್ದಿದ್ರ ಇದೆಲ್ಲಾ ಆಗತಿರಲಿಲ್ಲ ನೋಡವಾ." ಐಶ್ವರ್ಯಾ ತಲೆ ತಗ್ಗಿಸಿ ಒಳಗೆ ಹೋದಳು. ಚನ್ನಯ್ಯನಿಗೆ ಅಕ್ಕನ ಎಲ್ಲ ಮಾತಿಗಿಂತ ಆ ತಗ್ಗಿದ ತಲೆಯೇ ಚುಚ್ಚಿತು.

ರವಿವಾರ ಮುಂಜಾನೆ ಅವನು ಮಡಿ ಧೋತರ ಉಟ್ಟು ಪೂಜೆಗೆ ಕುಳಿತ. ಅಂಗೈಯಲ್ಲಿ ಇಷ್ಟಲಿಂಗ, ಕಣ್ಣು ಅರ್ಧ ಮುಚ್ಚಿ. ಮುಕ್ತಾ ಹಾಸಿದ ಅರಿವೆ ಬಿಟ್ಟು ತೆವಳುತ್ತ ಬಂದು ಅವನ ತೊಡೆ ಹತ್ತಿದಳು. ಹತ್ತಿ ಕುಳಿತವಳು ಬೆಚ್ಚಗೆ ಉಚ್ಚೆ ಹೊಯ್ದಳು.

"ಏಳೋ," ಎಂದಳು ಅಕ್ಕ ಬಾಗಿಲಿನಿಂದ. "ಮೈಲಿಗಿ ಆತು. ಜಳಕಾ ಮಾಡಿ ಮತ್ತ ಕುಂಡ್ರು. ಐಶ್ವರ್ಯಾ, ಕೂಸನ್ನ ಎತ್ತಕೋ."

ಸೊಸೆ ಓಡಿ ಬಂದಳು. ಚನ್ನಯ್ಯ ಬಲಗೈ ಅಡ್ಡ ಹಿಡಿದ.

"ಎತ್ತಬ್ಯಾಡ. ಸತ್ತ ಮನ್ಯಾಗ ಸೂತಕ ಇಲ್ಲ, ಹಡದ ಮನ್ಯಾಗ ಸೂತಕ ಇಲ್ಲ, ಲಿಂಗ ಕಟ್ಟಿದವರಿಗೆ ಮೈಲಿಗಿ ಇಲ್ಲಂತ ಮಂದಿ ಮನಿಮನಿಗೆ ಹೇಳಿ ಕಾಯಿ-ಅಕ್ಕಿ ತಂದೇನಿ. ನನ್ನ ಮನ್ಯಾಗ ಕೂಸಿನ ಉಚ್ಚಿಗೆ ಎಲ್ಲಿಂದ ಬಂತಕ್ಕಾ ಮೈಲಿಗಿ?"

ಚನ್ನಯ್ಯ ಅಂಗೈಯ ಲಿಂಗದ ಕಡೆ ನೋಡಿದ. ಆಮೇಲಿನ ಮಾತು ಅಕ್ಕನಿಗಲ್ಲ.

"ಈ ಕೂಸಿಗೆ ಒಂದು ಮಡಿಲಿತ್ತು. ನೀ ಒಯ್ದಿ. ಯಾಕಂತ ನಾ ಕೇಳಿಲ್ಲ. ಈಗ ಉಳದದ್ದು ಈ ತೊಡಿ, ಅದು ಹಸಿ ಐತಿ. ಪೂಜಾ ಬೇಕಂದ್ರ ಹಿಂಗಽ ತಗೋ."

ಹೂ ಏರಿಸಿದ, ಪತ್ರಿ ಏರಿಸಿದ, ಮಂತ್ರ ಒಂದೂ ನುಂಗದೆ ಮುಗಿಸಿದ. ಆಮೇಲೆ ಎದ್ದು ಕೂಸನ್ನು ತೊಳೆದು, ಒತ್ತಿ ಒರೆಸಿ, ಮುಲಾಮು ಬಳಿದು, ತನ್ನ ಧೋತರ ಬದಲಿಸಿದ.

ಸೋಮವಾರ ಮುಂಜಾನೆ ಐಶ್ವರ್ಯಾ ತಾನೇ ಕೂಸನ್ನು ತೊಳೆಯಲು ಕುಳಿತಳು. ನೀರು ಹಾಕುವ ಮೊದಲು ಅವಳ ಕೈ ತಡೆಯಿತು. ಹಾಕಿದಳು. ಮುಕ್ತಾ ಅಳಲಿಲ್ಲ, ತಂಬಿಗೆಯನ್ನು ಹಿಡಿಯಲು ಕೈ ಚಾಚಿದಳು. ಕಿತ್ತ ಜಾಗ ಕೂಡಿತ್ತು, ಕೆಂಪು ಇಳಿದು ಅಂಚಿನಲ್ಲಷ್ಟೇ ಉಳಿದಿತ್ತು.

"ಮತ್ತ ಆದ್ರರಿ ಮಾವಾರ?"

"ಆಗತೈತಿ. ಭೇದಿ ಹತ್ತಿದಾಗ ಆದೀತು, ಮಳಿಗಾಲದಾಗ ಅರಿವಿ ಒಣಗದಾಗ ಆದೀತು. ಮತ್ತ ಗಾಳಿಗೆ ಬಿಡ್ತೇನಿ. ಬ್ಯಾರೆ ಏನರ ಕಂಡ್ರ ಬಾಯಾರ ಕಡೆ ಓಡ್ತೇನಿ. ಅದಕ್ಕ ನೀ ಯಾಕ ಗಣಿತ ಬಿಡಬೇಕು?"

ಶಿವಗಂಗವ್ವ ಚೀಲ ಹಿಡಿದು ನಿಂತಿದ್ದಳು. "ನಾ ಇನ್ನ ಈ ಮನ್ಯಾಗ ನೀರು ಮುಟ್ಟೂದಿಲ್ಲ."

"ಬಿಸಲೈತಿ. ಬಸ್ ಸ್ಟ್ಯಾಂಡಿನ್ಯಾಗ ಬಾಟ್ಲಿ ತಗೋ," ಎಂದ ತಮ್ಮ.

ಐಶ್ವರ್ಯಾ ಕೂಸಿಗೆ ಮುಲಾಮು ಬಳಿದು ಮಾವನ ಕೈಗೆ ಕೊಟ್ಟಳು. ಆಮೇಲೆ ಎದ್ದು ಸೀರೆ ಬದಲಿಸಿ, ಹೆಗಲಿಗೆ ಬ್ಯಾಗು ಹಾಕಿ, ಚಪ್ಪಲಿ ಮೆಟ್ಟಿದಳು. ಧಾರವಾಡದ ಚಿಗರಿ ಬಸ್ಸು ಹಿಡಿಯಲು ಅವಳು ಓಣಿಯ ತಿರುವಿಗೆ ಹೋಗುತ್ತಿದ್ದಾಗ ಚನ್ನಯ್ಯ ಬರಿಮೈಯ ಮೊಮ್ಮಗಳನ್ನು ಎತ್ತಿಕೊಂಡು ಕಟ್ಟೆಗೆ ಬಂದ. ಅಕ್ಕನಿಗೂ ಕೇಳಬೇಕು, ಓಣಿಗೂ ಕೇಳಬೇಕು ಎಂಬಂತೆ ದನಿ ಎತ್ತಿ ಕೂಗಿದ:

"ಸಂಜಿ ಕ್ಲಾಸ್ ಇದ್ರ ಅದನ್ನೂ ಮುಗಿಸ್ಕೊಂಡಽ ಬಾರವಾ. ಕೂಸು ನನ್ನ ಕಡೆ ಐತಿ."