ಹಿಮದಲ್ಲಿ ಕೂತ ಒಂಟೆ

"ನೋಡು ಪುಟ್ಟಿ, ಎಷ್ಟು ಚೆನ್ನಾಗಿ ಕೂತಿದೆ!" ಎಂದು ಅಕ್ಕ ಸಂಭ್ರಮದಿಂದ ತೋರಿಸಿದಳು. ಜೋಡಿಸುವ ಆಟದ ಹಲಗೆಯ ಮೇಲೆ, ಹಿಮದ ಬೆಟ್ಟದ ಚಿತ್ರದಲ್ಲಿ ಕೊರೆದ ಗುಳಿಯೊಳಗೆ ಮರದ ಒಂಟೆ ಕೂತಿತ್ತು.

ಪುಟ್ಟಿ ಹಲಗೆಯನ್ನು ತನ್ನತ್ತ ಎಳೆದುಕೊಂಡಳು. ಒಂಟೆಯನ್ನು ಕಿತ್ತು ಕಡಲಿನ ಗುಳಿಗೆ ಹಾಕಿದಳು. ಅಲ್ಲೂ ಕೂತಿತು. ಆಮೆಯನ್ನು ಮರಳುಗಾಡಿಗೆ ಹಾಕಿದಳು. ಅದಕ್ಕೂ ಅಡ್ಡಿಯಿರಲಿಲ್ಲ.

"ಭಾವ, ನಾನು ಬಣ್ಣ ಮುಗಿಸಿ ಒಂದೊಂದು ಪ್ರಾಣಿಯ ಸುತ್ತಲೂ ಬೇರೆ ಬೇರೆ ಆಕಾರ ಗೀಚಿ ಕೊಟ್ಟಿದ್ದೆ."

"ಕೊಟ್ಟಿದ್ದೆ, ಇಲ್ಲ ಅಂದ್ನಾ?" ಭಾವ ಮೈಮೇಲಿನ ಮರದ ಹೊಟ್ಟು ಕೊಡವಿಕೊಂಡರು. "ಐದು ಅಚ್ಚು ಯಾರಮ್ಮ ಮಾಡ್ತಾರೆ? ಮೊಟ್ಟೆ ಆಕಾರದ್ದು ಒಂದೇ ಮಾಡ್ದೆ, ಎಲ್ಲಾನೂ ಅದ್ರಲ್ಲೇ ಕೊಯ್ದೆ. ಈಗ ಯಾವುದು ಎಲ್ಲಿ ಬೇಕಾದ್ರೂ ಕೂರುತ್ತೆ. ಒಂದು ಮಗೂನೂ ಅಳಲ್ಲ!"

ಪುಟ್ಟಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು. ಇಷ್ಟು ವರ್ಷ ಭಾವನ ಆಟಿಕೆ ಕಾರ್ಖಾನೆಯಲ್ಲಿ ಅವಳು ಬುಗುರಿ, ಗಿಲಕಿಗಳಿಗೆ ಬಣ್ಣ ಬಳಿದದ್ದೇ ಬಂತು. ಅವಳೇ ಯೋಚಿಸಿ ಮಾಡಿದ ಮೊದಲ ಕೆಲಸ ಇದು: ದೇಶದ ಬೆಟ್ಟ, ಕಾಡು, ಮರಳುಗಾಡು, ಜೌಗು, ಕಡಲು, ಅಲ್ಲಲ್ಲಿಯ ಒಂದೊಂದು ಜೀವ. ಕೊಕ್ಕರೆ ಚಳಿಗಾಲದಲ್ಲಷ್ಟೇ ಬರುವುದೆಂದು ಕೇಳಿ ತಿಳಿದು, ಜೌಗಿನ ಆಕಾಶವನ್ನು ಎರಡನೇ ಸಲ ಬಳಿದು ಮಂಜಿನ ಬಣ್ಣಕ್ಕೆ ತಿರುಗಿಸಿದ್ದಳು. ಇವನ್ನು ಮಾಡಿಸುತ್ತಿದ್ದ ಶಿಶುವಿಹಾರದ ಟೀಚರ್ ಹೇಳಿದ್ದು ಒಂದೇ ಮಾತು: ತಪ್ಪು ಜಾಗಕ್ಕೆ ಹಾಕಿದರೆ ಹಲಗೆಯೇ ಬೇಡ ಅನ್ನಬೇಕು, ಇಲ್ಲವಾದರೆ ಅಂಗಡಿಯ ಚಿತ್ರಪಟ ತಂದು ನೇತುಹಾಕುತ್ತೇನೆ. ಅವರು ಸಂಜೆ ಬರುವವರಿದ್ದರು. ಹನ್ನೆರಡು ಹಲಗೆ, ಅರವತ್ತು ಪ್ರಾಣಿ.

"ಪ್ರಾಣಿಗಳ ಹಿಂದೆ ಜಾಗದ ಹೆಸರು ಬರೆದುಬಿಡು," ಎಂದಳು ಅಕ್ಕ.

"ಮಕ್ಕಳಿಗೆ ಇನ್ನೂ ಓದೋಕೆ ಬರಲ್ಲ ಕಣೇ ಅಕ್ಕ!"

"ಒಂಟೆ ಬೆಟ್ಟ ನೋಡೋಕೆ ಹೋಗಿದೆ ಅಂದ್ರಾಯ್ತು," ಎಂದರು ಭಾವ.

ಪುಟ್ಟಿ ಹಲ್ಲು ಕಚ್ಚಿಕೊಂಡು ಕಡ್ಡಿಯ ಕಂತೆ ಎಳೆದುಕೊಂಡಳು. ಒಂದೊಂದು ಗುಳಿಯ ಅಂಚಿಗೆ ಒಂದೊಂದು ಕಡ್ಡಿಯ ತುಂಡು ಅಂಟಿಸುವುದು, ಒಂದೊಂದಕ್ಕೂ ಬೇರೆ ಬೇರೆ ಜಾಗದಲ್ಲಿ. ಆ ಗುಳಿಯ ಪ್ರಾಣಿಗೆ ಅದೇ ಜಾಗದಲ್ಲಿ ಕಚ್ಚು ಕೊರೆಯುವುದು. ಬೇರೆ ದಾರಿ ಹೊಳೆಯಲಿಲ್ಲ. ಕೊರೆಯಲು ಒಂಟೆಗೆ ತಲೆಯ ಮೇಲೆ ಖಾಲಿ ಆಕಾಶವಿತ್ತು, ಆಮೆಗೆ ಪಕ್ಕದಲ್ಲಿ ಮರಳಿತ್ತು. ಜಿಂಕೆಯೂ ಹಿಮಚಿರತೆಯೂ ಹೇಗೋ ಪಾರಾದವು. ಕೊಕ್ಕರೆ ಮಾತ್ರ ಮೊಟ್ಟೆಯಾಕಾರದ ತುಂಡಿನ ತುಂಬ ಹರಡಿಕೊಂಡಿತ್ತು. ಎಲ್ಲಿ ಕೊರೆದರೂ ಕೊಕ್ಕೋ ರೆಕ್ಕೆಯೋ ಕಾಲೋ ಹೋಗಲೇಬೇಕು. ಆ ಸಣಕಲು ಕಾಲುಗಳನ್ನು ಮೂರು ಕೂದಲಿನ ಕುಂಚದಲ್ಲಿ ಉಸಿರು ಬಿಗಿಹಿಡಿದು ಎಳೆದವಳು ಅವಳೇ. ಈಗ ಉಳಿ ಹಿಡಿದು ಹನ್ನೆರಡು ಜೊತೆ ಕಾಲು ಕತ್ತರಿಸಿದವಳೂ ಅವಳೇ.

"ಅಯ್ಯೋ ಪಾಪ," ಎಂದರು ಭಾವ ಪ್ರತಿಸಲವೂ. ಐದನೆಯ ಪಾಪಕ್ಕೆ ಪುಟ್ಟಿ ಅವರ ಕೈಗೆ ಉಜ್ಜುಕಾಗದ ತುರುಕಿದಳು.

ಅಂಟು ಒಣಗುವ ಹೊತ್ತಿಗೆ ಟೀಚರ್ ಬಂದೇಬಿಟ್ಟರು. ಕೂರಿ ಅಂದರೂ ಕೂರದೆ, ಒಂಟೆಯನ್ನೆತ್ತಿ ಹಿಮದ ಗುಳಿಗೆ ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಊಹೂಂ. ಮರಳುಗಾಡಿಗೆ ಇಟ್ಟರೆ ಟಕ್ಕನೆ ಕೂತಿತು. ಟೀಚರ್ ಮುಖ ಅರಳಿತು, ಮರುಕ್ಷಣ ಹುಬ್ಬು ಗಂಟಿಕ್ಕಿತು.

"ಕೊಕ್ಕರೆಗೆ ಕಾಲೇ ಇಲ್ವಲ್ರೀ?"

ಭಾವ ಬಾಯಿ ತೆರೆದರು. ಅವರ ಬಾಯಿಂದ ಏನು ಬರುವುದೋ ಎಂಬ ಭಯಕ್ಕೆ, ಹೊರಗಿನವರ ಮುಂದೆ ಎಂದೂ ತುಟಿ ಬಿಚ್ಚದ ಪುಟ್ಟಿ ಮುಂದೆ ಬಂದಳು.

"ನೀರಲ್ಲಿ ನಿಂತಿದೆ ಮೇಡಂ. ಕಾಲು ಕಾಣಲ್ಲ."

"ಹನ್ನೆರಡೂ?"

"ಅವು ಬರೋ ಕಾಲದಲ್ಲಿ ಜೌಗು ತುಂಬಿರುತ್ತೆ."

ಟೀಚರ್ ಕೊಕ್ಕರೆಯನ್ನು ಜೌಗಿನ ಗುಳಿಗೆ ಕೂರಿಸಿದರು. "ಮಕ್ಕಳು ಕೇಳಿದ್ರೆ ಅದನ್ನೇ ಹೇಳ್ತೀನಿ. ಎಲ್ಲಾ ಗಾಡಿಗೆ ಹಾಕಿಸಿ."

"ನೋಡಿದ್ರಾ," ಭಾವ ಎದೆಯುಬ್ಬಿಸಿದರು, "ನಾವಿಬ್ರೂ ಕೂತು ಯೋಚನೆ ಮಾಡಿ..."

"ಹಲಗೆ ಎತ್ತಿ ಭಾವ," ಎಂದಳು ಪುಟ್ಟಿ. "ಮಾತು ಆಮೇಲೆ."

ಭಾವ ಒಂದೇ ಸಲಕ್ಕೆ ಆರು ಎತ್ತಿದರು.