ಪಾಲಮ್ಮ ಮುಚ್ಚಿಡದೆ ಹೇಳಿದ ಮಾತು

ಮತ್ತೋಡಿನ ಹತ್ತಿರದ ಹಟ್ಟಿಯಲ್ಲಿ ಕುರಿ ಕಾಯುವ ಜುಂಜಯ್ಯ ಎರಡು ತಿಂಗಳಿಂದ ಮಾತು ಬಿಟ್ಟಿದ್ದ. ಈಗ ಊಟವನ್ನೂ ಬಿಟ್ಟ. ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಮಂತ್ರಿಸಿದ್ದೂ ಆಯಿತು. ಕಡೆಗೆ ಹೆಂಡತಿ ಪಾಲಮ್ಮ ಅವನನ್ನು ಬಸ್ಸು ಹತ್ತಿಸಿ ದುರ್ಗದ ಆಸ್ಪತ್ರೆಗೆ ತಂದಳು. ಜೊತೆಗೆ ಮೈದುನ ಕಾಟಯ್ಯ.

ಇದು ಮನಸ್ಸಿನ ಕಾಯಿಲೆ, ತಲೆಗೆ ಸಣ್ಣಗೆ ಕರೆಂಟು ಕೊಟ್ಟರೆ ವಾಸಿಯಾದೀತು ಎಂದರು ಡಾಕ್ಟರು. ಹಟ್ಟಿಗೆ ಕರೆಂಟು ಬಂದದ್ದು ಹೋದ ವರ್ಷ. ತಂತಿ ತಗುಲಿ ಟಗರು ಸತ್ತಿದ್ದನ್ನು ಕಾಟಯ್ಯ ಕಣ್ಣಾರೆ ಕಂಡಿದ್ದ.

"ಅತ್ತಿಗೆ, ನಡಿ ಹೋಗಾಣ. ಕರೆಂಟು ಹೊಡೆದ್ರೆ ಆಳು ಉಳೀತಾನಾ?"

ನರ್ಸ್ ದುರುಗಕ್ಕ ನಕ್ಕಳು. "ಕುಂತ್ಕಳ್ರಿ. ಮೊದ್ಲು ನಿದ್ದೆ ಮದ್ದು ಕೊಡ್ತಾರೆ, ನೋವು ಗೊತ್ತಾಗಲ್ಲ. ಆಮೇಲೆ ಮೈ ಸಡಿಲ ಮಾಡೋ ಮದ್ದು, ಮೂಳೆಗೆ ಪೆಟ್ಟಾಗಲ್ಲ. ಸ್ವಲ್ಪ ಹೊತ್ತು ಉಸಿರು ಡಾಕ್ಟ್ರ ಕೈಯಾಗಿರ್ತೈತೆ. ಎಲ್ರಿಗೂ ಒಂದೇ ಮದ್ದು ಆಗಲ್ಲ, ಆಳು ನೋಡಿ ಆರಿಸ್ತಾರೆ. ಅದಕ್ಕೇ ಕೇಳ್ತೀನಿ. ಏನೇನು ತಿನ್ಸಿದ್ರಿ, ಏನೇನು ಹಚ್ಚಿದ್ರಿ, ಹೇಳ್ಬಿಡ್ರಿ."

"ಏನೂ ಇಲ್ಲ," ಎಂದ ಕಾಟಯ್ಯ, ಅತ್ತಿಗೆಯನ್ನು ಕಣ್ಣಲ್ಲೇ ಗದರುತ್ತ.

ಅದು ಸುಳ್ಳೆಂದು ಪಾಲಮ್ಮನಿಗೆ ಗೊತ್ತಿತ್ತು. ಮೀಯದ ಗಂಡನ ತಲೆ ತುಂಬ ಹೇನು. ದುರ್ಗದವರು ನಕ್ಕಾರೆಂದು, ಹೊರಡುವ ಮುಂಚೆ ಕಾಟಯ್ಯನೂ ಅವಳೂ ಸೇರಿ ಕುರಿಗಳ ಮೈಗಂಟುವ ಉಣುಗು ಸಾಯಿಸುವ ಔಷಧಿಯನ್ನೇ ಮೂರು ದಿನ ಅವನ ತಲೆಗೆ ಹಚ್ಚಿದ್ದರು. ಮಾನ ಹೋದರೆ ಹೋಗಲಿ, ಗಂಡ ಉಳಿಯಲಿ ಎಂದು ಅವಳು ಬಾಯಿಬಿಟ್ಟಳು.

"ಕುರಿ ಔಷಧಿ ಹಚ್ಚೀವಿ ಕಣಕ್ಕ."

ದುರುಗಕ್ಕ ಈ ಸಲ ನಗಲಿಲ್ಲ. ಹೋಗಿ ನಿದ್ದೆ ಮದ್ದು ಕೊಡುವ ಅರಿವಳಿಕೆ ಡಾಕ್ಟರನ್ನೇ ಕರೆತಂದಳು.

"ಹೇಳಿದ್ದು ಒಳ್ಳೇದಾಯ್ತು ತಾಯಿ," ಎಂದರು ಅವರು. "ಆ ವಿಷ ಚರ್ಮದಿಂದ ರಕ್ತಕ್ಕೆ ಇಳಿಯುತ್ತೆ. ಅದು ಮೈಯಲ್ಲಿರುವಾಗ ನಾನು ದಿನಾ ಕೊಡೋ ಸಡಿಲಿಕೆ ಮದ್ದು ಕೊಟ್ಟಿದ್ರೆ, ಮದ್ದಿನ ಹಿಡಿತ ಬೇಗ ಬಿಡ್ತಿರಲಿಲ್ಲ. ಉಸಿರು ವಾಪಸ್ ಬರೋದು ಕಷ್ಟ ಆಗ್ತಿತ್ತು."

ಜುಂಜಯ್ಯನ ತಲೆ ಮೈ ಸೋಪು ಹಾಕಿ ತೊಳೆದರು. ಮೂಗಿನ ನಳಿಕೆಯಲ್ಲಿ ಗಂಜಿ ಕೊಡುತ್ತ, ವಿಷ ಇಳಿಯಲು ಕಾದರು. ಆಮೇಲೆ ಅವನಿಗೆ ಒಗ್ಗುವ ಮದ್ದು ಆರಿಸಿ, ಖಾಲಿ ಹೊಟ್ಟೆಯಲ್ಲಿ ಚಿಕಿತ್ಸೆ ಶುರು ಮಾಡಿದರು. ವಾರಕ್ಕೆ ಎರಡು ಮೂರು ಸಲ ಕರೆಂಟು ಕೊಟ್ಟರು, ಪ್ರತಿ ಸಲವೂ ಸ್ವಲ್ಪ ಹೊತ್ತಿಗೆಲ್ಲ ಅವನು ಕಣ್ಣು ಬಿಟ್ಟ.

ಐದನೆಯ ಸಲ ಎದ್ದವನು "ಹಸಿವಾಗೈತೆ" ಎಂದ. ಪಾಲಮ್ಮ ಗೋಡೆಗೊರಗಿ ಅತ್ತೇಬಿಟ್ಟಳು, ಆ ಅಳುವಿನಷ್ಟು ಸಂತೋಷ ಅವಳ ಮದುವೆಯಲ್ಲೂ ಇರಲಿಲ್ಲ. ನಡೆದದ್ದನ್ನೆಲ್ಲ ಕೇಳಿದ ಜುಂಜಯ್ಯ ಮುದ್ದೆ ಮುರಿಯುತ್ತ ತಮ್ಮನನ್ನು ನೋಡಿದ. "ಲೇ ಕಾಟ, ನನ್ನೂ ಮಂದೆಗೆ ಸೇರಿಸಿದ್ಯೇನ್ಲೇ?"

ಈಗ ಹಟ್ಟಿಯಲ್ಲಿ ಯಾರು ಆಸ್ಪತ್ರೆಗೆ ಹೊರಟರೂ "ಏನೂ ಮುಚ್ಚಿಡಬ್ಯಾಡ್ರಿ" ಎಂದು ಬಸ್ಸಿನ ತನಕ ಹೇಳಿ ಬರುವವನು ಕಾಟಯ್ಯನೇ.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿಗೂ ಕಾಯಿಲೆ ಬರುತ್ತದೆ, ವಾಸಿಯೂ ಆಗುತ್ತದೆ. ಅರಿವಳಿಕೆಗೆ ಮುಂಚೆ ಡಾಕ್ಟರು ಹೇಳಿದಷ್ಟು ಹೊತ್ತು ಏನೂ ತಿನ್ನಿಸಬೇಡಿ. ತಿಂದದ್ದು, ಕುಡಿದದ್ದು, ಹಚ್ಚಿದ್ದು ಎಲ್ಲ ಹೇಳಿ. ಮದ್ದು ಆರಿಸುವುದು ಅವರ ಕೆಲಸ, ನಿಜ ಹೇಳುವುದು ನಮ್ಮದು. ಕುರಿಯ ಔಷಧಿ ಕುರಿಗೇ ಇರಲಿ.